ಚೆಟ್ರಿ ಆದ ಮೇಲೆ ಗೋಲು ಹೊಡೆಯೋರು ಯಾರು?

2024ರಲ್ಲಿ ಭಾರತದ ಪುರುಷರ ಫುಟ್‌ಬಾಲ್ ತಂಡ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ವರ್ಷ ಶುರುವಾಗಿದ್ದೇ ಕತಾರ್‌ನ ಏಷ್ಯಾ ಕಪ್‌ನಿಂದ. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ, ಮೂರೂ ತಂಡಗಳ ಎದುರು ಸೋಲಾಯಿತು. ಸೋಲು ಬಿಡಿ, ಮೂರು ಪಂದ್ಯ ಸೇರಿಸಿದರೂ ನಮ್ಮ ಕಡೆಯಿಂದ ಒಂದು ಗೋಲೂ ಬರಲಿಲ್ಲ. ಆ ತಂಡದ ನಾಯಕ 39 ವರ್ಷದ ಸುನಿಲ್ ಚೆಟ್ರಿ. ಅದೇ ವರ್ಷ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ಎದುರು ಆಡಿ ಅವರು ನಿವೃತ್ತರಾದರು. ಆ ಪಂದ್ಯವೂ 0-0.

ಮುಂದಿನ ಗೆಲುವಿಗೆ ಮಾರ್ಚ್ 2025ರ ತನಕ ಕಾಯಬೇಕಾಯಿತು. ಅದಕ್ಕೂ ಹಿಂದಿನ ಗೆಲುವು ನವೆಂಬರ್ 2023ರದ್ದು. ನಡುವೆ 489 ದಿನ. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ತಂಡವನ್ನು 3-0ರಿಂದ ಸೋಲಿಸಿದಾಗ ಆ ಬರ ಮುಗಿಯಿತು. ಮೂರು ಗೋಲುಗಳಲ್ಲಿ ಒಂದನ್ನು ಹೊಡೆದದ್ದು ಯಾರು ಗೊತ್ತಲ್ಲ? ಒಂಬತ್ತು ತಿಂಗಳ ಹಿಂದೆ ಕಣ್ಣೀರು ಹಾಕಿ ಬೀಳ್ಕೊಟ್ಟಿದ್ದ ಅದೇ ಚೆಟ್ರಿ. ಕೋಚ್ ಮನೋಲೊ ಮಾರ್ಕೆಝ್ ಕರೆದರು, ಅವರು ಬಂದರು, ತಲೆಯಿಂದ ಗುದ್ದಿ ಗೋಲು ಮಾಡಿದರು. 95ನೇ ಅಂತರರಾಷ್ಟ್ರೀಯ ಗೋಲು. ವಯಸ್ಸು 40.

ಚಪ್ಪಾಳೆ ಹೊಡೆಯಬೇಕಾದ ವಿಷಯವೇ. ಆದರೆ ಜೊತೆಗೆ ಸ್ವಲ್ಪ ಗಾಬರಿಯೂ ಆಗಬೇಕು, ಅಲ್ವಾ? ನೂರಾ ನಲವತ್ತು ಕೋಟಿ ಜನರ ದೇಶ ಮಾಲ್ಡೀವ್ಸ್ ಎದುರು ಗೋಲು ಬೇಕೆಂದು ನಿವೃತ್ತನಾದವನನ್ನು ವಾಪಸ್ ಕರೆಸಿಕೊಂಡಿತು.

ಮೊದಲು ಆ 95ರ ಲೆಕ್ಕ ನೋಡೋಣ. ಚೆಟ್ರಿ 157 ಪಂದ್ಯಗಳಲ್ಲಿ ಇಷ್ಟು ಗೋಲು ಹೊಡೆದಿದ್ದಾರೆ. ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಇವರಿಗಿಂತ ಮುಂದಿರುವವರು ಮೂರೇ ಜನ: ಕ್ರಿಸ್ಟಿಯಾನೊ ರೊನಾಲ್ಡೊ, ಲಿಯೊನೆಲ್ ಮೆಸ್ಸಿ, ಇರಾನ್‌ನ ಅಲಿ ದಾಯಿ. ಪೆಲೆಯ 77ನ್ನು 2021ರಲ್ಲೇ ದಾಟಿದ್ದರು. ಹಂಗೇರಿಯ ಫೆರೆಂಕ್ ಪುಷ್ಕಾಸ್ 84ಕ್ಕೆ ನಿಂತಿದ್ದರು, ಅವರನ್ನೂ ದಾಟಿದರು. ಹಾಗಾಗಿ ಪ್ರತಿ ಗೋಲಿಗೂ ನಮ್ಮ ಮೊಬೈಲ್‌ಗಳಲ್ಲಿ ಒಂದೇ ಬಗೆಯ ಪೋಸ್ಟರ್ ಓಡಾಡುತ್ತಿತ್ತು. ಒಂದು ಕಡೆ ಮೆಸ್ಸಿ, ಇನ್ನೊಂದು ಕಡೆ ರೊನಾಲ್ಡೊ, ನಡುವೆ ಚೆಟ್ರಿ.

ಇದಕ್ಕೆ ಬರುವ ಪ್ರತಿವಾದವೂ ಹಳೆಯದೇ. ನೇಪಾಳ, ಮಾಲ್ಡೀವ್ಸ್, ಬಾಂಗ್ಲಾದೇಶ ಎದುರು ಹೊಡೆದ ಗೋಲಿಗೆ ಎಷ್ಟು ಬೆಲೆ ಅಂತ. ಅದರಲ್ಲಿ ನಿಜ ಇದೆ. ಆದರೆ ಈ ಅಳತೆಗೋಲು ಹಿಡಿದರೆ ಎಲ್ಲರನ್ನೂ ಅಳೆಯಬೇಕು. ಅಲಿ ದಾಯಿ ನೂರನೇ ಗೋಲು ಮುಟ್ಟಿದ್ದು ಲಾವೋಸ್ ಎದುರು, ಆ ಒಂದೇ ಪಂದ್ಯದಲ್ಲಿ ನಾಲ್ಕು ಹೊಡೆದು. ರೊನಾಲ್ಡೊ ಲಕ್ಸೆಂಬರ್ಗ್ ಒಂದರ ಎದುರೇ ಹತ್ತಕ್ಕಿಂತ ಜಾಸ್ತಿ ಗೋಲು ಹೊಡೆದಿದ್ದಾರೆ. ದೊಡ್ಡ ಮೊತ್ತ ಎಲ್ಲೇ ಇದ್ದರೂ ಅದರಲ್ಲಿ ಸಣ್ಣ ತಂಡಗಳ ಪಾಲು ಇದ್ದೇ ಇರುತ್ತದೆ. ಇನ್ನೊಂದು ಮಾತು: ಮೆಸ್ಸಿಗೆ ಪಾಸ್ ಕೊಡುತ್ತಿದ್ದವರು ಯುರೋಪಿನ ದೊಡ್ಡ ಕ್ಲಬ್‌ಗಳ ಆಟಗಾರರು. ಚೆಟ್ರಿಗೆ ಆ ಭಾಗ್ಯ ಇರಲಿಲ್ಲ.

ಹೋಲಿಕೆ ಸಾಕು. ನನಗೆ ಮುಖ್ಯ ಅನಿಸುವುದು ಬೇರೆ ಪ್ರಶ್ನೆ. ತಂಡಕ್ಕೆ ಗೋಲು ಬೇಕೇ ಬೇಕು ಅನ್ನುವ ದಿನ ಹೊಡೆದವರು ಯಾರು?

2008ರ ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಫೈನಲ್ ನೋಡಿ. ದೆಹಲಿಯಲ್ಲಿ ತಜಿಕಿಸ್ತಾನದ ಎದುರು ಭಾರತ 4-1ರಿಂದ ಗೆದ್ದಿತು, ಚೆಟ್ರಿಯದು ಹ್ಯಾಟ್ರಿಕ್. ಆ ಗೆಲುವಿನಿಂದ ಭಾರತ 27 ವರ್ಷಗಳ ನಂತರ, 2011ರಲ್ಲಿ ಏಷ್ಯಾ ಕಪ್ ಆಡಿತು. ಅಲ್ಲಿ ಮೂರೂ ಪಂದ್ಯ ಸೋತರೂ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ಎದುರು ಚೆಟ್ರಿ ಗೋಲು ಹೊಡೆದರು. 2017ರಲ್ಲಿ 2019ರ ಏಷ್ಯಾ ಕಪ್‌ನ ಅರ್ಹತಾ ಸುತ್ತು. ಮ್ಯಾನ್ಮಾರ್‌ಗೆ ಹೋಗಿ ಕೊನೇ ಗಳಿಗೆಯಲ್ಲಿ 1-0. ಎರಡೂವರೆ ತಿಂಗಳ ನಂತರ ಬೆಂಗಳೂರಿನ ಕಂಠೀರವದಲ್ಲಿ ಕಿರ್ಗಿಸ್ತಾನದ ಎದುರು ಮತ್ತೆ 1-0. ಎರಡೂ ಚೆಟ್ರಿಯದೇ. 2022ರಲ್ಲಿ ಕೋಲ್ಕತ್ತದಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಕಾಂಬೋಡಿಯಾ ಎದುರು ಎರಡು, ಅಫ್ಗಾನಿಸ್ತಾನ ಎದುರು ಫ್ರೀ ಕಿಕ್‌ನಲ್ಲಿ ಒಂದು, ಹಾಂಗ್ ಕಾಂಗ್ ಎದುರು ಒಂದು. ಅಂದರೆ 2011, 2019, 2023 (ಇದು ನಡೆದದ್ದು 2024ರಲ್ಲಿ), ಈ ಮೂರು ಏಷ್ಯಾ ಕಪ್‌ಗಳಿಗೆ ಭಾರತ ಹೋಗಿದ್ದೇ ಬಹುಮಟ್ಟಿಗೆ ಒಬ್ಬನ ಕಾಲಿನಿಂದ.

ಕಿರ್ಗಿಸ್ತಾನದ ಎದುರಿನ ಆ ಗೋಲನ್ನು ಯೂಟ್ಯೂಬ್‌ನಲ್ಲಿ ಇನ್ನೊಮ್ಮೆ ನೋಡಿ. ಮೈದಾನದ ನಡುಭಾಗದಲ್ಲಿ ಚೆಂಡು ಹಿಡಿದು ನುಗ್ಗಿದರು. ಜೆಜೆ ಲಾಲ್‌ಪೆಖ್ಲುವಾಗೆ ಕೊಟ್ಟರು, ಜೆಜೆ ಡಿಫೆಂಡರ್‌ಗಳ ತಲೆ ಮೇಲಿಂದ ಮೆಲ್ಲಗೆ ಎತ್ತಿ ವಾಪಸ್ ಕೊಟ್ಟರು. ಚೆಂಡು ನೆಲ ಮುಟ್ಟುವ ಮೊದಲೇ ಚೆಟ್ರಿ ಹೊಡೆದಿದ್ದರು. ಮಿಂಚಿನ ವೇಗ ಅವರಿಗೆ ಎಂದೂ ಇರಲಿಲ್ಲ. ಎತ್ತರ ಐದಡಿ ಏಳಿಂಚಿನ ಆಸುಪಾಸು. ಹಾಗಿದ್ದೂ ತಲೆಯಿಂದ ಅಷ್ಟೊಂದು ಗೋಲು ಬಂದಿದ್ದು ಹೇಗೆ? ಜಿಗಿಯುವ ಹೊತ್ತು ಗೊತ್ತಿತ್ತು, ಅದೇ ಗುಟ್ಟು. ಕ್ರಾಸ್ ಬರುವ ಮೊದಲು ಡಿಫೆಂಡರ್‌ನ ಬೆನ್ನ ಹಿಂದೆ ಕಾಣೆಯಾಗುತ್ತಾರೆ, ಚೆಂಡು ಕಾಲಿನಿಂದ ಹೊರಟ ಕ್ಷಣ ಎರಡು ಹೆಜ್ಜೆ ಮುಂದೆ ಬರುತ್ತಾರೆ. ಆರಡಿಯ ಡಿಫೆಂಡರ್ ತಿರುಗಿ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕಾಲಿನ ವೇಗ ಕುಗ್ಗಿದರೂ ಈ ವಿದ್ಯೆ ಕುಗ್ಗುವುದಿಲ್ಲ. 2024-25ರ ಐಎಸ್‌ಎಲ್‌ನಲ್ಲಿ (ಕ್ಲಬ್‌ಗಳ ಇಂಡಿಯನ್ ಸೂಪರ್ ಲೀಗ್) ಬೆಂಗಳೂರು ಎಫ್‌ಸಿ ಪರ 40 ದಾಟಿದ ಮೇಲೂ 14 ಗೋಲು ಹೊಡೆದರು. ಕೇರಳ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಬಾರಿಸಿ, ಲೀಗ್‌ನಲ್ಲಿ ಆ ಸಾಧನೆ ಮಾಡಿದ ಅತಿ ಹಿರಿಯ ಆಟಗಾರ ಅನಿಸಿಕೊಂಡರು. ಆ ಋತುವಿನಲ್ಲಿ ಭಾರತೀಯರ ಪೈಕಿ ಅವರಿಗಿಂತ ಜಾಸ್ತಿ ಗೋಲು ಹೊಡೆದವರು ಯಾರೂ ಇರಲಿಲ್ಲ.

ನಲವತ್ತರ ಆಟಗಾರ ಪಟ್ಟಿಯಲ್ಲಿ ಮೊದಲಿರುವುದು ಅವನಿಗೆ ಹೆಮ್ಮೆ. ಅವನ ಹಿಂದೆ ಇಪ್ಪತ್ತೈದರ ಹುಡುಗರು ಯಾಕಿಲ್ಲ ಅನ್ನುವುದು ನಮ್ಮ ತಲೆನೋವು.

ಉತ್ತರದ ಒಂದು ತುದಿ ಐಎಸ್‌ಎಲ್‌ನಲ್ಲಿದೆ. 2014ರಲ್ಲಿ ಲೀಗ್ ಶುರುವಾದಾಗ ಒಂದು ತಂಡ ಆರು ವಿದೇಶಿಯರನ್ನು ಮೈದಾನಕ್ಕೆ ಇಳಿಸಬಹುದಿತ್ತು. ಆಮೇಲೆ ಅದು ಐದಾಯಿತು, 2021-22ರಿಂದ ನಾಲ್ಕಾಯಿತು. ಆದರೆ ಆರಿದ್ದಾಗಲೂ ನಾಲ್ಕಾದಾಗಲೂ ಬದಲಾಗದ ಒಂದು ಸಂಗತಿ ಇದೆ. ನಡುವಿನ ಸ್ಟ್ರೈಕರ್ ಜಾಗ ಬಹುತೇಕ ವಿದೇಶಿಯದೇ. ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಪಟ್ಟಿ ತೆಗೆದು ನೋಡಿ. ಎಲಾನೊ, ಮಾರ್ಸೆಲಿನೊ, ಕೊರೊ, ಒಗ್ಬೆಚೆ, ದಿಯಾಮಂತಾಕೋಸ್, ಅಲಾದ್ದೀನ್ ಅಜರಾಯಿ. 2025ರ ತನಕ ಒಬ್ಬ ಭಾರತೀಯನ ಹೆಸರೂ ಇಲ್ಲ. ಲೀಗ್‌ನ ಒಟ್ಟಾರೆ ಗೋಲುಗಳ ದಾಖಲೆ ಚೆಟ್ರಿಯದೇ, ಆದರೂ ಯಾವ ಒಂದು ವರ್ಷವೂ ಆ ಬೂಟು ಅವರಿಗೂ ಸಿಗಲಿಲ್ಲ.

ಕೋಚ್‌ಗಳನ್ನು ದೂರಿ ಪ್ರಯೋಜನವಿಲ್ಲ. ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುತ್ತದೆ. ಮಾಲೀಕರು ವಿದೇಶಿ ಆಟಗಾರನಿಗೆ ಸುರಿದ ಹಣಕ್ಕೆ ಗೋಲು ಕೇಳುತ್ತಾರೆ. ಅಂಥ ಹೊತ್ತಲ್ಲಿ ಪೆನಾಲ್ಟಿ ಬಾಕ್ಸ್ ಜವಾಬ್ದಾರಿಯನ್ನು 21 ವರ್ಷದ ಹುಡುಗನಿಗೆ ಯಾರು ಕೊಡುತ್ತಾರೆ? ಹಾಗಾಗಿ ಚುರುಕಾದ ಭಾರತೀಯ ಫಾರ್ವರ್ಡ್‌ಗಳನ್ನೆಲ್ಲ ಅಂಚಿಗೆ ತಳ್ಳುವುದು ರೂಢಿಯಾಯಿತು. ಲಾಲಿಯನ್‌ಜುವಾಲಾ ಚಾಂಗ್ಟೆ, ಲಿಸ್ಟನ್ ಕೊಲಾಸೊ ಇಬ್ಬರೂ ವಿಂಗರ್‌ಗಳು. ಮನ್‌ವೀರ್ ಸಿಂಗ್ ಎತ್ತರದ, ಗಟ್ಟಿಮುಟ್ಟಾದ ಆಳು, ಸ್ಟ್ರೈಕರ್ ಆಗಿಯೇ ಬೆಳೆದವರು. ಮೋಹನ್ ಬಾಗಾನ್‌ನಲ್ಲಿ ಅವರು ಜಾಸ್ತಿ ಆಡಿದ್ದು ಬಲಬದಿಯಲ್ಲಿ. ಇಶಾನ್ ಪಂಡಿತ ಕೊನೇ ಹತ್ತು ನಿಮಿಷಕ್ಕೆ ಬಂದು ಗೋಲು ಹೊಡೆಯುವವರು ಎಂದೇ ಹೆಸರಾದರು. ಕೊನೇ ಹತ್ತು ನಿಮಿಷ ಆಡಿ ಯಾರೂ ಪೂರ್ಣ ಸ್ಟ್ರೈಕರ್ ಆಗುವುದಿಲ್ಲ.

ತಮಾಷೆಯೆಂದರೆ ಚೆಟ್ರಿಗೂ ಇದೇ ಆಗಿತ್ತು. 2017-18ರಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಬಂದಾಗ ನಡುವಿನ ಜಾಗ ವೆನೆಜುವೆಲಾದ ಮಿಕು ಅವರದಾಗಿತ್ತು. ಚೆಟ್ರಿ ಬಹುತೇಕ ಎಡಬದಿಯಿಂದ ಆಡಿದರು. ಅಲ್ಲಿಂದ ಒಳಗೆ ಸರಿದು ಸರಿದು 14 ಗೋಲು ಹೊಡೆದರು, ಮಿಕು 15. ದೇಶಕ್ಕೆ ಆಡುವಾಗ ಸ್ಟ್ರೈಕರ್, ಕ್ಲಬ್‌ಗೆ ಆಡುವಾಗ ಎಡ ವಿಂಗರ್. ಅಂಚಿನಲ್ಲಿ ನಿಲ್ಲಿಸಿದರೂ ಗೋಲಿನ ದಾರಿ ಹುಡುಕಿಕೊಂಡಿದ್ದು ಅವರ ಜಾಣತನ. ಎಲ್ಲರಿಗೂ ಆ ಜಾಣತನ ಇರಬೇಕು ಅಂತ ಬಯಸಿ ಒಂದು ವ್ಯವಸ್ಥೆ ಕಟ್ಟಲಾಗದು.

ಚೆಟ್ರಿ ನಂತರದ ನಿಜವಾದ ನಂಬರ್ ನೈನ್, ಅಂದರೆ ನಡುವಿನ ಸ್ಟ್ರೈಕರ್, ಮಿಜೋರಾಂನ ಜೆಜೆ. ದೇಶಕ್ಕೆ 23 ಗೋಲು ಹೊಡೆದಿದ್ದರು. ಮೊಣಕಾಲಿನ ಗಾಯ ಅವರ ಆಟವನ್ನು ಬೇಗ ಮುಗಿಸಿತು. ಅಲ್ಲಿಂದ ಈಚೆಗೆ ಆ ಜಾಗ ಖಾಲಿಯೇ. ಈಗ ಆಡುತ್ತಿರುವವರಲ್ಲಿ ದೇಶಕ್ಕಾಗಿ 20 ಗೋಲು ದಾಟಿದವರು ಯಾರೂ ಇಲ್ಲ. 2017ರಲ್ಲಿ ನಮ್ಮಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ನೆನಪಿದೆಯಾ? ಅಲ್ಲಿ ಭಾರತದ ಒಂದೇ ಒಂದು ಗೋಲು ಬಂದದ್ದು ಕೊಲಂಬಿಯಾ ಎದುರು, ಕಾರ್ನರ್‌ನಿಂದ, ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್ ತಲೆಯಿಂದ. ಆ ವಯಸ್ಸಿನಲ್ಲೇ ಮುಂದಿನ ಸಾಲು ಬರಿದಾಗಿತ್ತು.

ಚೆಟ್ರಿ ತುಂಬಾ ದಿನ ಇದ್ದುಬಿಟ್ಟರು, ಅದಕ್ಕೇ ಬೇರೆಯವರು ಬೆಳೆಯಲಿಲ್ಲ ಅಂತ ಹೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅವರು ಸ್ಟ್ರೈಕರ್ ಆಗಿ ಆಡುತ್ತಿದ್ದದ್ದು ವರ್ಷಕ್ಕೆ ಹತ್ತು ಹನ್ನೆರಡು ಅಂತರರಾಷ್ಟ್ರೀಯ ಪಂದ್ಯ. ಉಳಿದವರು ತಯಾರಾಗಬೇಕಿದ್ದದ್ದು ಕ್ಲಬ್‌ಗಳಲ್ಲಿ. ಅಲ್ಲಿ ಅವರ ದಾರಿಗೆ ಅಡ್ಡ ನಿಂತಿದ್ದು ಚೆಟ್ರಿ ಅಲ್ಲ. ತಪ್ಪು ಹುಡುಕಲೇಬೇಕು ಅಂದರೆ ರಾಷ್ಟ್ರೀಯ ತಂಡದ ಕೋಚ್‌ಗಳ ಅಭ್ಯಾಸದಲ್ಲಿ ಹುಡುಕಬಹುದು. ಇಗೊರ್ ಸ್ಟಿಮಾಚ್ ಐದು ವರ್ಷ ತಂಡ ನಡೆಸಿದರು. ಕಷ್ಟ ಬಂದಾಗಲೆಲ್ಲ ಚೆಂಡನ್ನೂ ಭಾರವನ್ನೂ ಚೆಟ್ರಿಗೇ ಒಪ್ಪಿಸಿದರು. ಕುವೈತ್ ಪಂದ್ಯ ಆದ ಐದು ದಿನಕ್ಕೆ ಭಾರತ ದೋಹಾದಲ್ಲಿ ಕತಾರ್ ಎದುರು 1-2ರಿಂದ ಸೋತು ವಿಶ್ವಕಪ್ ಅರ್ಹತಾ ಹಾದಿಯಿಂದ ಹೊರಬಿತ್ತು. ಕತಾರ್‌ನ ಮೊದಲ ಗೋಲಿಗೆ ಮುಂಚೆ ಚೆಂಡು ಗೆರೆ ದಾಟಿ ಹೊರಹೋಗಿತ್ತು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಸ್ಟಿಮಾಚ್ ಕೆಲಸವೂ ಹೋಯಿತು.

ಚೆಟ್ರಿ ಇಲ್ಲದೆ ಭಾರತ ಏನೂ ಮಾಡಲಾರದು ಅನ್ನುವುದೂ ಪೂರ್ತಿ ಸರಿಯಲ್ಲ. ಈಚಿನ ವರ್ಷಗಳ ಅತಿ ದೊಡ್ಡ ಫಲಿತಾಂಶ 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಬಂತು. ಆಗಿನ ಏಷ್ಯಾ ಚಾಂಪಿಯನ್ ಕತಾರ್ ತಂಡವನ್ನು ಅವರ ಮನೆಯಲ್ಲೇ 0-0ಗೆ ನಿಲ್ಲಿಸಿದ್ದೆವು. ಜ್ವರ ಬಂದು ಚೆಟ್ರಿ ಅವತ್ತು ಆಡಿರಲಿಲ್ಲ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಒಬ್ಬರೇ ಗೋಡೆಯಾದರು. ಆದರೆ ಆ ಅಂಕಿ ಇನ್ನೊಮ್ಮೆ ನೋಡಿ, 0-0. ಅವರಿಲ್ಲದೆ ಸೋಲು ತಪ್ಪಿಸುವುದನ್ನು ಕಲಿತೆವು. ಗೆಲ್ಲುವುದನ್ನು ಕಲಿಯಲಿಲ್ಲ.

ಇನ್ನು ವಾಪಸ್ ಬಂದ ಕಥೆ. 2027ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಬೇಕಿತ್ತು. ಗುಂಪಿನಲ್ಲಿ ಬಾಂಗ್ಲಾದೇಶ, ಹಾಂಗ್ ಕಾಂಗ್, ಸಿಂಗಪುರ. ನಮ್ಮ ಕೈಲಾಗದ ಗುಂಪು ಅಂತ ಯಾರೂ ಅನ್ನುತ್ತಿರಲಿಲ್ಲ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು 0-0. ಹಾಂಗ್ ಕಾಂಗ್‌ನಲ್ಲಿ 0-1 ಸೋಲು, ಅಲ್ಲಿಗೆ ಮನೋಲೊ ಹೊರಟರು. ಕೋಚ್ ಆಗಿ ಖಾಲಿದ್ ಜಮೀಲ್ ಬಂದರು. ಅಕ್ಟೋಬರ್ 2025ರಲ್ಲಿ ಸಿಂಗಪುರದಲ್ಲಿ ರಹೀಮ್ ಅಲಿ ಕೊನೇ ನಿಮಿಷದ ಗೋಲಿನಿಂದ 1-1 ಉಳಿಸಿದರು. ಐದು ದಿನದ ನಂತರ ಗೋವಾದಲ್ಲಿ ಅದೇ ಸಿಂಗಪುರದ ಎದುರು ಚಾಂಗ್ಟೆ ಗೋಲಿನಿಂದ ಮುನ್ನಡೆ ಸಿಕ್ಕಿತ್ತು. ಆಮೇಲೆ ಎರಡು ಗೋಲು ಬಿಟ್ಟುಕೊಟ್ಟು 1-2ರಿಂದ ಸೋತೆವು, ಬಾಗಿಲು ಮುಚ್ಚಿತು. ನಾಲ್ಕು ಪಂದ್ಯ, ಎರಡು ಗೋಲು. ಚೆಟ್ರಿಯಿಂದ ಒಂದೂ ಬರಲಿಲ್ಲ. ವಾಪಸ್ ಬಂದದ್ದೇ ಅರ್ಹತೆಗಾಗಿ, ಅದು ಕೈತಪ್ಪಿದ ಮೇಲೆ ಇರಲು ಕಾರಣವಿಲ್ಲ ಎಂದು ನವೆಂಬರ್‌ನಲ್ಲಿ ಎರಡನೇ ಸಲ ವಿದಾಯ ಹೇಳಿದರು. ಈ ಸಲ ಸಾಲ್ಟ್ ಲೇಕ್‌ನಂಥ ಸಮಾರಂಭ ಇರಲಿಲ್ಲ. ಅದೇ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶ 1-0ರಿಂದ ನಮ್ಮನ್ನು ಸೋಲಿಸಿತು. 2023ರ ಜುಲೈನಲ್ಲಿ 99ನೇ ಸ್ಥಾನದಲ್ಲಿದ್ದ ತಂಡ ಫಿಫಾ ಪಟ್ಟಿಯಲ್ಲಿ 142ಕ್ಕೆ ಜಾರಿತು.

ರ‍್ಯಾಂಕಿಂಗ್ ಅಂದರೆ ಸುಮ್ನೆ ಒಂದು ಅಂಕಿ ಅಂತ ಬಿಟ್ಟುಬಿಡಬೇಡಿ. ಅದರ ಪೆಟ್ಟು ನೇರ ಆಟಗಾರನಿಗೇ ಬೀಳುತ್ತದೆ. 2009ರಲ್ಲಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಚೆಟ್ರಿಯನ್ನು ಕರೆದಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಭಾರತ ಫಿಫಾದ ಮೊದಲ 70 ದೇಶಗಳಲ್ಲಿ ಇಲ್ಲ ಅನ್ನುವುದು ಕಾರಣ. ಮುಂದಿನ ವರ್ಷ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋದರು, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡಕ್ಕೆ. ಎರಡೂ ಕಡೆ ಬೇರು ಬಿಡಲಿಲ್ಲ. ಅಲ್ಲಿ ಅವರು ಸಾಕಾಗಲಿಲ್ಲ ಅನ್ನುವುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಲಂಡನ್ ಬಾಗಿಲು ಮುಚ್ಚಿದ್ದು ಅವರ ಆಟ ನೋಡಿ ಅಲ್ಲ, ಅವರ ದೇಶದ ಸ್ಥಾನ ನೋಡಿ. ತಂಡ ಕೆಳಗಿದ್ದರೆ ಆಟಗಾರ ಹೊರಗೆ ಹೋಗಲಾರ, ಹೊರಗೆ ಹೋಗದಿದ್ದರೆ ತಂಡ ಮೇಲೇರದು.

ಈಗ ಎಲ್ಲರ ಬಾಯಲ್ಲೂ ಒಂದು ಅಡ್ಡದಾರಿಯ ಮಾತು ಇದೆ. ಭಾರತೀಯ ಮೂಲದ ವಿದೇಶಿ ಆಟಗಾರರನ್ನು ಕರೆತರೋಣ ಅಂತ. ನಮ್ಮಲ್ಲಿ ಎರಡು ದೇಶಗಳ ಪೌರತ್ವ ಇಟ್ಟುಕೊಳ್ಳುವಂತಿಲ್ಲ. ಭಾರತೀಯ ಮೂಲದ ವಿದೇಶಿಯರಿಗೆ ಸಿಗುವ ಓಸಿಐ ಕಾರ್ಡ್ ಇದ್ದರೆ ಸಾಲದು, ದೇಶಕ್ಕೆ ಆಡಲು ಭಾರತದ ಪಾಸ್‌ಪೋರ್ಟೇ ಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಿಟ್ಟು ಭಾರತೀಯರಾದರು. ದೊಡ್ಡ ಮನಸ್ಸಿನ ನಿರ್ಧಾರ, ಅನುಮಾನವಿಲ್ಲ. ಆದರೆ ಅವರಿಗೆ ಆಗಲೇ 32 ವರ್ಷ. ಆಟದಲ್ಲಿ ಅವರೂ ಹೆಚ್ಚಾಗಿ ವಿಂಗರ್. ಇಂಥವರು ಇನ್ನೂ ನಾಲ್ಕು ಜನ ಬಂದರೆ ತಂಡ ಸುಧಾರಿಸೀತು. ಇಪ್ಪತ್ತು ವರ್ಷ ಗೋಲು ಹೊಡೆಯುವ ಆಟಗಾರ ಆ ದಾರಿಯಲ್ಲಿ ಬರುವುದಿಲ್ಲ.

ವಿದೇಶಿಯರ ಸಂಖ್ಯೆ ಇನ್ನೂ ಕಡಿಮೆ ಮಾಡಿ ಅನ್ನುವ ಸಲಹೆಯೂ ಇದೆ. ನನಗೆ ಅದರಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆರರಿಂದ ನಾಲ್ಕಕ್ಕೆ ಇಳಿಸಿದರೂ ಸ್ಟ್ರೈಕರ್ ಜಾಗ ಭಾರತೀಯರಿಗೆ ಸಿಗಲಿಲ್ಲ ಎನ್ನುವುದನ್ನು ನೋಡಿಯಾಗಿದೆ. ಎರಡಕ್ಕೆ ಇಳಿಸಿದರೂ ಆ ಎರಡರಲ್ಲಿ ಒಬ್ಬ ಸ್ಟ್ರೈಕರ್ ಇರುತ್ತಾನೆ. ಹುಡುಗರಿಗೆ ಬೇಕಾಗಿರುವುದು ಪಂದ್ಯ. ವಾರ ವಾರ, ತೊಂಬತ್ತು ನಿಮಿಷ, ನಡುವಿನ ಜಾಗದಲ್ಲಿ, ತಪ್ಪು ಮಾಡಿದರೂ ಮುಂದಿನ ವಾರ ಮತ್ತೆ ಆಡಿಸುವ ಕಡೆ. ಲೀಗೇ ಈಗ ಕುಂಟುತ್ತಿದೆ. ಫುಟ್‌ಬಾಲ್ ಫೆಡರೇಶನ್ ಮತ್ತು ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದ ನವೀಕರಣ ಆಗದೆ 2025-26ರ ಐಎಸ್‌ಎಲ್ ತಿಂಗಳುಗಟ್ಟಲೆ ನಿಂತಿತ್ತು. ಕಡೆಗೆ ಫೆಬ್ರವರಿ 2026ರಲ್ಲಿ ಮೊಟಕಾಗಿ ಶುರುವಾಯಿತು. ಪಂದ್ಯಗಳೇ ಕಡಿಮೆಯಾದ ವರ್ಷದಲ್ಲಿ ಕೋಚ್ ಹೊಸಬನನ್ನು ನಂಬುವುದು ಇನ್ನೂ ಕಡಿಮೆ.

ಚೆಟ್ರಿ ಹೇಗೆ ತಯಾರಾದರು ಅನ್ನುವುದಕ್ಕೆ ಅವರ ಮೊದಲ ಹತ್ತು ವರ್ಷ ನೋಡಬೇಕು. ಸೇನೆಯಲ್ಲಿದ್ದ ತಂದೆ, ನೇಪಾಳದ ಮಹಿಳಾ ತಂಡಕ್ಕೆ ಆಡಿದ್ದ ತಾಯಿ. 2002ರಲ್ಲಿ ಮೋಹನ್ ಬಾಗಾನ್ ಸೇರಿದಾಗ ಇನ್ನೂ 18 ತುಂಬಿರಲಿಲ್ಲ. ಅಲ್ಲಿ ಅವಕಾಶ ಅಷ್ಟಕ್ಕಷ್ಟೆ. 2005ರಲ್ಲಿ ಪಂಜಾಬಿನ ಜೆಸಿಟಿಗೆ ಹೋದರು. 21ರಿಂದ 24ರ ತನಕ, ಸ್ಟ್ರೈಕರ್ ಒಬ್ಬ ರೂಪುಗೊಳ್ಳುವ ವಯಸ್ಸಿನಲ್ಲಿ, ಆ ಬಟ್ಟೆ ಗಿರಣಿಯ ಕ್ಲಬ್ ಅವರನ್ನು ಬಿಡದೆ ಆಡಿಸಿತು. ಆಮೇಲೆ ಈಸ್ಟ್ ಬೆಂಗಾಲ್, ಗೋವಾದ ಡೆಂಪೊ, ಕೋಲ್ಕತ್ತದ ಚಿರಾಗ್ ಯುನೈಟೆಡ್. 2013ರಲ್ಲಿ ಬೆಂಗಳೂರಿಗೆ ಬರುವಷ್ಟರಲ್ಲಿ ಅವರು ಪೂರ್ತಿ ತಯಾರಾದ ಆಟಗಾರ. ಇಲ್ಲಿನ ಕ್ಲಬ್ ಮತ್ತು ಕಂಠೀರವದ ಜನ ಅವರಿಗೆ ಕಿರೀಟ ತೊಡಿಸಿದರು. ತಯಾರಿ ಆಗಿದ್ದು ಬೇರೆ ಕಡೆ.

ಆ ಬೇರೆ ಕಡೆ ಈಗ ಏನಿದೆ? ಜೆಸಿಟಿ 2011ರಲ್ಲಿ ತಂಡ ಮುಚ್ಚಿತು. ಡೆಂಪೊ 2016ರಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಿಂದಲೇ ಹೊರನಡೆಯಿತು, ವರ್ಷಗಳ ನಂತರ ಎರಡನೇ ಹಂತಕ್ಕೆ ಮರಳಿತು. ಟಿವಿಯಲ್ಲಿ ಹೆಚ್ಚು ಕಾಣದ, ವಿದೇಶಿ ತಾರೆಗಳಿಗೆ ಕೋಟಿ ಸುರಿಯಲಾಗದ, ಆದ್ದರಿಂದಲೇ ಇಲ್ಲಿನ ಹುಡುಗನನ್ನು ನಡುವೆ ನಿಲ್ಲಿಸಬೇಕಾಗಿದ್ದ ಕ್ಲಬ್‌ಗಳವು. ಮೇಲಿನ ಲೀಗ್‌ಗೆ ಬಣ್ಣ ಬಳಿಯುವ ಗಡಿಬಿಡಿಯಲ್ಲಿ ಈ ನಡುವಿನ ಮೆಟ್ಟಿಲು ಕಳಚಿತು. ಐಎಸ್‌ಎಲ್ ಕ್ಲಬ್‌ಗಳು ತಮ್ಮ 20 ವರ್ಷದ ಸ್ಟ್ರೈಕರ್‌ಗಳನ್ನು ಬೆಂಚಿನಲ್ಲಿ ಕೂರಿಸುವ ಬದಲು ಎರಡನೇ ಹಂತದ ತಂಡಗಳಿಗೆ ಇಡೀ ಋತುವಿಗೆ ಸಾಲ ಕೊಡುವುದು ಅಷ್ಟೇನೂ ಖರ್ಚಿನ ಕೆಲಸವಲ್ಲ. ಆದರೆ ಅದಕ್ಕೆ ಆ ಎರಡನೇ ಹಂತ ಪ್ರತಿ ವರ್ಷ ಹೇಳಿದ ದಿನಕ್ಕೆ ಶುರುವಾಗಬೇಕು.